ಅಲ್ಪಸಂಖ್ಯೆಯ ಶಾಲೆಗಳೂ ಆರು ಮಂದಿಯ ಚೆಂಡಾಟವೂ

೧. ಪೀಠಿಕೆ

ಶ್ರೀಗುರುಕೃಪೆಯಿಂದ ನಮ್ಮ ಶ್ರೀಮಠವು ಮಹೋತ್ಸವವನ್ನಾಚರಿಸುತ್ತಿರುವ ಈ ಶುಭಸಮಯದಲ್ಲಿ, ಮಠಗಳು ತಲೆತಲಾಂತರದಿಂದ ನಡೆಯಿಸಿಕೊಂಡು ಬಂದಿರುವ ವಿದ್ಯಾದಾಸೋಹವನ್ನು ಸ್ಮರಿಸುವುದು ಭಕ್ತರಾದ ನಮ್ಮೆಲ್ಲರ ಕರ್ತವ್ಯವಾಗಿರುವುದು. ಅನ್ನ, ಅಕ್ಷರ, ಆಶ್ರಯಗಳೆಂಬ ಮೂರು ಬಗೆಯ ದಾಸೋಹಗಳಲ್ಲಿ ಅಕ್ಷರದಾಸೋಹವು ಇಂದು ಒಂದು ಹೊಸ ತೊಡಕಿನಲ್ಲಿ ಸಿಲುಕಿರುವುದು. ಹಿಂದಿನವರಿಗೆ ಶಾಲೆಗಳು ಸಾಲದೆ ಹೋದ ಚಿಂತೆಯಿತ್ತು. ನಮಗಾದರೋ ಹಳ್ಳಿಗಳಲ್ಲಿ ಶಾಲೆಗಳಿದ್ದೂ ಮಕ್ಕಳು ಸಾಲದೆ ಹೋಗಿರುವ ಚಿಂತೆ ಒದಗಿದೆ. ತರಗತಿಗೆ ಐದೋ ಆರೋ ಮಕ್ಕಳು. ಇಡಿಯ ಶಾಲೆಗೆ ಇಪ್ಪತ್ತೋ ಮೂವತ್ತೋ. ಇಂತಹ ಶಾಲೆಯನ್ನು ಉಳಿಸಿಕೊಳ್ಳಬೇಕೋ, ದೊಡ್ಡ ಶಾಲೆಯೊಂದರಲ್ಲಿ ಸೇರಿಸಿಬಿಡಬೇಕೋ ಎಂಬ ಪ್ರಶ್ನೆಯು ಊರೂರಿನ ಕಟ್ಟೆಯ ಮೇಲೆಯೂ, ವಿದ್ಯಾಸಂಸ್ಥೆಗಳ ಆಡಳಿತ ಮಂಡಲಿಗಳಲ್ಲಿಯೂ ಚರ್ಚೆಗೆ ಬರುತ್ತಿರುವುದು.

ಈ ಪ್ರಶ್ನೆಯನ್ನು ನಮಗಿಂತಲೂ ಬಹುಕಾಲ ಮೊದಲೇ ಎದುರಿಸಿದ ಜನರು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಬಯಲುನಾಡಿನ ರೈತರು. ಅವರಿಗೆ ಈ ತೊಡಕು ಮೊದಲು ಕಣ್ಣಿಗೆ ಬಿದ್ದುದು ಪಾಠದ ಕೊಠಡಿಯಲ್ಲಿ ಅಲ್ಲ, ಆಟದ ಬಯಲಿನಲ್ಲಿ. ಚೆಂಡಾಟದ ತಂಡಕ್ಕೆ ಹನ್ನೊಂದು ಮಂದಿ ಹುಡುಗರು ಬೇಕು. ಶಾಲೆಯಲ್ಲಿ ಅಷ್ಟು ಹುಡುಗರಿಲ್ಲ. ಈ ಸಣ್ಣ ಸಂಗತಿಯ ಸುತ್ತ ಸುಮಾರು ತೊಂಬತ್ತು ವರ್ಷಗಳಿಂದ ನಡೆದು ಬಂದಿರುವ ಚರಿತ್ರೆಯು ಬೋಧಪ್ರದವಾದುದು. ಮಠದ ಸಂಪುಟದಲ್ಲಿ ಪರದೇಶದ ಚೆಂಡಾಟಕ್ಕೇನು ಕೆಲಸವೆಂದು ಕೆಲವರು ಕೇಳಬಹುದು. ಮಕ್ಕಳ ಹಿತಕ್ಕೆ ಸಂಬಂಧಿಸಿದ ಅನುಭವವು ಎಲ್ಲಿಂದ ಬಂದರೂ ಅದನ್ನು ಸ್ವೀಕರಿಸುವುದು ಶರಣರ ಮಾರ್ಗವೇ ಆಗಿರುವುದರಿಂದ, ವಾಚಕ ಮಹಾಶಯರು ತಾಳ್ಮೆಯಿಂದ ಓದಬೇಕೆಂದು ಬಿನ್ನವಿಸುವೆನು.

೨. ಹನ್ನೊಂದರ ಕಟ್ಟಳೆ ಬಂದ ಬಗೆ

ಫುಟ್‌ಬಾಲ್ ಎಂದೊಡನೆ ನಮ್ಮವರ ನೆನಪಿಗೆ ಬರುವುದು ಕಾಲಿನಿಂದ ಒದೆಯುವ ದುಂಡನೆಯ ಚೆಂಡು. ಅಮೆರಿಕದವರು ಆ ಹೆಸರಿನಿಂದ ಕರೆಯುವ ಆಟವು ಬೇರೆ. ಅದರ ಚೆಂಡು ತತ್ತಿಯಾಕಾರದ್ದು; ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಬಹುದು. ಎದುರಾಳಿಗಳು ಓಡುವವನನ್ನು ಹಿಡಿದು ನೆಲಕ್ಕೆ ಕೆಡಹುವರು. ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದುವರಿದರೆ ಚೆಂಡು ತಮ್ಮಲ್ಲಿಯೇ ಉಳಿಯುವುದು. ಇಲ್ಲವಾದರೆ ಎದುರಿನವರಿಗೆ ಹೋಗುವುದು. ನಮ್ಮ ಕಬಡ್ಡಿಯ ಹಿಡಿತವೂ ಕುಸ್ತಿಯ ಪಟ್ಟೂ ಓಟದ ವೇಗವೂ ಕೂಡಿದಂತಿರುವ ಆಟವೆನ್ನಬಹುದು.

ಈ ಆಟವು ಹುಟ್ಟಿದುದು ಆ ದೇಶದ ಪೂರ್ವತೀರದ ದೊಡ್ಡ ವಿದ್ಯಾಲಯಗಳಲ್ಲಿ. ೧೮೬೯ನೆಯ ಇಸವಿ ನವಂಬರ್ ೬ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ವಿದ್ಯಾಲಯಗಳ ನಡುವೆ ನಡೆದ ಪಂದ್ಯವನ್ನು ಮೊದಲನೆಯದೆಂದು ಎಣಿಸುವರು. ಅಂದು ಒಂದೊಂದು ಕಡೆಗೆ ೨೫ ಮಂದಿ ಆಡಿದರು. ೧೮೭೬ರಲ್ಲಿ ಕೆಲವು ವಿದ್ಯಾಲಯಗಳು ಕೂಡಿ ಆ ಸಂಖ್ಯೆಯನ್ನು ೧೫ಕ್ಕೆ ಇಳಿಸಿದುವು. ಯೇಲ್ ವಿದ್ಯಾಲಯದ ವಾಲ್ಟರ್ ಕ್ಯಾಂಪ್ ಎಂಬಾತನ ಒತ್ತಾಯದಿಂದ ೧೮೮೦ರಲ್ಲಿ ಅದು ೧೧ ಆಯಿತು. ೧೯೦೫ರಲ್ಲಿ ಆಟದ ಕ್ರೌರ್ಯದಿಂದ ಅನೇಕ ತರುಣರು ಪ್ರಾಣ ಕಳೆದುಕೊಳ್ಳಲು, ಆ ದೇಶದ ಅಧ್ಯಕ್ಷನಾಗಿದ್ದ ರೂಸ್‌ವೆಲ್ಟನು ವಿದ್ಯಾಲಯಗಳ ಪ್ರತಿನಿಧಿಗಳನ್ನು ಕರೆಯಿಸಿ ಮಾತನಾಡಿದನು. ಮರುವರ್ಷ, ಅಂದರೆ ೧೯೦೬ರಲ್ಲಿ, ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆಯಿತು. ನಾಲ್ಕು ಯತ್ನಗಳ ನಿಯಮವು ೧೯೧೨ರಲ್ಲಿ ನೆಲೆಗೊಂಡಿತು.

ಇದನ್ನು ಇಷ್ಟು ವಿವರವಾಗಿ ಹೇಳಿದುದಕ್ಕೆ ಕಾರಣವುಂಟು. ಇಪ್ಪತ್ತೈದು ಹದಿನೈದಾಗಿ, ಹದಿನೈದು ಹನ್ನೊಂದಾದುದು ಮನುಷ್ಯರು ಕೂಡಿ ಕುಳಿತು ತಮ್ಮ ಅನುಕೂಲವನ್ನು ನೋಡಿ ಮಾಡಿಕೊಂಡ ಏರ್ಪಾಡು. ಬಹುಮಂದಿ ವಿದ್ಯಾರ್ಥಿಗಳಿದ್ದ ವಿದ್ಯಾಲಯಗಳಿಗೆ ಆ ಸಂಖ್ಯೆಯು ಹಗುರವಾಗಿತ್ತು. ಆದರೆ ಕಾಲಕ್ರಮದಲ್ಲಿ ಅದು ಬದಲಿಸಲಾಗದ ಕಟ್ಟಳೆಯೆಂಬಂತೆ ದೇಶದ ಮೂಲೆ ಮೂಲೆಗೂ ಹಬ್ಬಿತು. ಹನ್ನೊಂದು ಮಂದಿಯಿಲ್ಲದ ಕಡೆ ಆಟವೇ ಇಲ್ಲವೆಂದಾಯಿತು.

೩. ಬಯಲುನಾಡಿನ ಶಾಲೆಗಳ ಸ್ಥಿತಿ

ಅಮೆರಿಕದ ಮಧ್ಯಭಾಗದಲ್ಲಿ ನೆಬ್ರಾಸ್ಕ, ಕ್ಯಾನ್ಸಾಸ್, ಡಕೋಟಗಳೇ ಮೊದಲಾದ ಸಂಸ್ಥಾನಗಳು ಹರಡಿಕೊಂಡಿರುವುವು. ೧೮೬೨ರ ಕಾಯಿದೆಯೊಂದರ ಪ್ರಕಾರ ಅಲ್ಲಿಗೆ ಹೋಗಿ ನೆಲಸಿ ಉಳುವವನಿಗೆ ಸರಕಾರವು ೧೬೦ ಎಕರೆ ಭೂಮಿಯನ್ನು ಕೊಡುತ್ತಿದ್ದಿತು. ಆ ನೆಲದ ಮೂಲನಿವಾಸಿಗಳಿಂದ ಅದು ಹೇಗೆ ಕಸಿದುಕೊಳ್ಳಲ್ಪಟ್ಟಿತೆಂಬುದು ಬೇರೊಂದು ದುಃಖದ ಕಥೆ. ನಮ್ಮಲ್ಲಿ ರೈತರೆಲ್ಲರೂ ಊರೊಳಗೆ ಒತ್ತೊತ್ತಾಗಿ ಮನೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಬರುವರಷ್ಟೆ. ಅಲ್ಲಿಯಾದರೋ ಪ್ರತಿಯೊಬ್ಬನೂ ತನ್ನ ಹೊಲದ ನಡುವೆಯೇ ಮನೆ ಕಟ್ಟಿಕೊಂಡನು. ಆದುದರಿಂದ ಮನೆಗಳು ದೂರ ದೂರವಾದುವು. ಊರುಗಳು ರೈಲು ನಿಲ್ದಾಣದ ಸುತ್ತಣ ಚಿಕ್ಕ ಪೇಟೆಗಳಾಗಿ ಉಳಿದುವು. ಮಕ್ಕಳು ನಡೆದು ಹೋಗುವಷ್ಟು ದೂರದಲ್ಲಿ ಒಬ್ಬನೇ ಉಪಾಧ್ಯಾಯನಿರುವ ಒಂದೇ ಕೊಠಡಿಯ ಶಾಲೆಗಳು ಹುಟ್ಟಿಕೊಂಡುವು. ೧೯೨೯-೩೦ರ ಸುಮಾರಿಗೆ ಇಂತಹ ಏಕೋಪಾಧ್ಯಾಯ ಶಾಲೆಗಳು ಆ ದೇಶದಲ್ಲೆಲ್ಲ ೧,೪೯,೦೦೦ದಷ್ಟಿದ್ದುವು. ಅಲ್ಲಿ ಓದಿ ಮುಗಿಸಿದವರು ಹತ್ತಿರದ ಪೇಟೆಯ ಚಿಕ್ಕ ಹೈಸ್ಕೂಲಿಗೆ ಹೋಗುತ್ತಿದ್ದರು.

ಹೀಗಿರಲು ೧೯೨೯ರಲ್ಲಿ ಆರ್ಥಿಕ ಕುಸಿತವು ಬಂದಿತು. ಧಾನ್ಯದ ಬೆಲೆ ನೆಲಕ್ಕಿಳಿಯಿತು. ಅದರ ಹಿಂದೆಯೇ ಬರಗಾಲ; ೧೯೩೪ರ ಬೇಸಗೆಯು ಅದರಲ್ಲಿಯೂ ಘೋರವಾಗಿತ್ತು. ಒಣಗಿದ ಮಣ್ಣು ಗಾಳಿಗೆದ್ದು ಹಗಲನ್ನೇ ಕತ್ತಲು ಮಾಡುತ್ತಿತ್ತು. ಜನರು ಹೊಲಮನೆ ಬಿಟ್ಟು ವಲಸೆ ಹೋಗತೊಡಗಿದರು. ೧೯೩೦ರಲ್ಲಿ ೧೩,೭೭,೯೬೩ ಆಗಿದ್ದ ನೆಬ್ರಾಸ್ಕದ ಜನಸಂಖ್ಯೆಯು ೧೯೪೦ಕ್ಕೆ ೧೩,೧೫,೮೩೪ಕ್ಕೆ ಇಳಿಯಿತೆಂಬುದರಿಂದ ಆ ಕಾಲದ ಕಷ್ಟವನ್ನು ಊಹಿಸಬಹುದು.

ಒಂದು ಹೈಸ್ಕೂಲಿನಲ್ಲಿ ಅರುವತ್ತು ಮಕ್ಕಳಿರುವರೆಂದು ಭಾವಿಸೋಣ. ಅವರಲ್ಲಿ ಹುಡುಗರು ಮೂವತ್ತು. ಮೂವತ್ತರಲ್ಲಿ ಇನ್ನೂ ಎಳೆಯರೂ ದುರ್ಬಲರೂ ಹತ್ತು ಮಂದಿ. ಆಟದ ಕಾಲವು ಶರದೃತು. ಮೆಕ್ಕೆಜೋಳದ ಸುಗ್ಗಿಯೂ ಆಗಲೇ. ಆದುದರಿಂದ ಶಾಲೆ ಬಿಟ್ಟೊಡನೆ ಹೊಲಕ್ಕೆ ಓಡಬೇಕಾದವರು ಕೆಲವರು. ಉಳಿದವರಲ್ಲಿ ಹನ್ನೊಂದು ಮಂದಿ ದೊರೆತರೂ ಅಭ್ಯಾಸಕ್ಕೆ ಎದುರಾಗಿ ನಿಲ್ಲಲು ಇನ್ನೊಂದು ಹನ್ನೊಂದು ಬೇಡವೆ? ಒಬ್ಬನ ಕಾಲು ಉಳುಕಿದರೆ ಅವನ ಸ್ಥಾನಕ್ಕೆ ಯಾರು? ತಲೆಗೂ ಭುಜಕ್ಕೂ ತೊಡಿಸುವ ಕವಚಗಳ ವೆಚ್ಚವೋ, ಉಪಾಧ್ಯಾಯರ ಸಂಬಳಕ್ಕೇ ತತ್ವಾರವಾಗಿದ್ದ ಆ ಕಾಲದಲ್ಲಿ, ಭರಿಸಲಾಗದಂತಹುದು. ಹೀಗೆ ಚಿಕ್ಕ ಹೈಸ್ಕೂಲುಗಳ ಹುಡುಗರು ಆಟವಿಲ್ಲದೆ ಉಳಿದರು.

೪. ೧೯೩೪ರ ಪ್ರಯೋಗ

ಆಗ ನೆಬ್ರಾಸ್ಕದ ಹೆಬ್ರನ್ ಎಂಬ ಊರಿನ ಪ್ರಾಂತದಲ್ಲಿ ಸ್ಟೀಫನ್ ಎಪ್ಲರ್ ಎಂಬ ತರುಣ ಅಧ್ಯಾಪಕನಿದ್ದನು. ಹನ್ನೊಂದು ಹುಡುಗರನ್ನು ಎಲ್ಲಿಂದ ತರುವುದೆಂದು ಎಲ್ಲರೂ ಚಿಂತಿಸುತ್ತಿರಲು, ಈತನು ಪ್ರಶ್ನೆಯನ್ನೇ ತಿರುಗಿಸಿ, ಇರುವ ಹುಡುಗರಿಗೆ ತಕ್ಕಂತೆ ಆಟವನ್ನು ಏಕೆ ತಿದ್ದಬಾರದೆಂದು ವಿಚಾರಮಾಡಿದನು. ಪ್ರತಿಯೊಂದು ಕಡೆಗೆ ಆರು ಮಂದಿ ಸಾಕು. ಬಯಲನ್ನು ಕಿರಿದು ಮಾಡಬೇಕು. ಉಳಿದ ನಿಯಮಗಳನ್ನು ಅದಕ್ಕೆ ಹೊಂದಿಸಬೇಕು. ಆಟದ ತಿರುಳಾದ ಓಟ, ಎಸೆತ, ಹಿಡಿತಗಳು ಮಾತ್ರ ಹಾಗೆಯೇ ಉಳಿಯಬೇಕು. ಇದು ಆತನ ಸಂಕಲ್ಪವಾಗಿತ್ತು.

ಅದೇ ವರ್ಷ ಸೆಪ್ಟಂಬರ್ ತಿಂಗಳ ಕೊನೆಯಲ್ಲಿ ಹೆಬ್ರನ್ನಿನ ಕಾಲೇಜು ಬಯಲಿನಲ್ಲಿ ಮೊದಲನೆಯ ಪಂದ್ಯವು ನಡೆಯಿತು. ನಾಲ್ಕು ಶಾಲೆಗಳ ಹುಡುಗರು ಎರಡು ತಂಡಗಳಾಗಿ ಕೂಡಿದರು. ಹೆಬ್ರನ್ ಮತ್ತು ಚೆಸ್ಟರ್ ಊರಿನವರು ಒಂದು ಕಡೆ. ಬೆಲ್ವಿಡಿಯರ್ ಮತ್ತು ಅಲೆಗ್ಸಾಂಡ್ರಿಯ ಊರಿನವರು ಇನ್ನೊಂದು ಕಡೆ. ಪಂದ್ಯವು ಹತ್ತೊಂಬತ್ತಕ್ಕೆ ಹತ್ತೊಂಬತ್ತಾಗಿ ಸಮಸಮವಾಗಿ ಮುಗಿಯಿತು. ಯಾರೂ ಸೋಲದೆ ಯಾರೂ ಗೆಲ್ಲದೆ ಮುಗಿದ ಆ ಪಂದ್ಯದಲ್ಲಿ ಗೆದ್ದುದು ಆಟವೇ ಎನ್ನಬೇಕು. ಆರು ಮಂದಿಯ ಆಟವು ಹುಡುಗಾಟಿಕೆಯಾದೀತೆಂಬ ಸಂದೇಹವು ನೋಡಿದವರ ಮನಸ್ಸಿನಿಂದ ದೂರವಾಯಿತು.

ಈ ಎಪ್ಲರನ ಮುಂದಿನ ಜೀವನವೂ ಇದೇ ಸ್ವಭಾವವನ್ನು ತೋರಿಸುವುದರಿಂದ ಎರಡು ಮಾತು ಹೇಳುವುದು ಅಪ್ರಸ್ತುತವಾಗದು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ, ೧೯೪೬ರಲ್ಲಿ, ಆರಿಗನ್ ಸಂಸ್ಥಾನದ ವ್ಯಾನ್‌ಪೋರ್ಟ್ ಎಂಬಲ್ಲಿ, ಯುದ್ಧದಿಂದ ಹಿಂದಿರುಗಿದ ಸೈನಿಕರಿಗಾಗಿ ಆತನು ಒಂದು ವಿದ್ಯಾಕೇಂದ್ರವನ್ನು ತೆರೆದನು. ೧೯೪೮ನೆಯ ಮೇ ೩೦ರಂದು ಕೊಲಂಬಿಯಾ ನದಿಯ ಪ್ರವಾಹವು ಆ ಊರನ್ನೇ ಒಂದು ದಿನದಲ್ಲಿ ಅಳಿಸಿಬಿಟ್ಟಿತು. ಕಟ್ಟಡ ಹೋದರೂ ಕಾಲೇಜು ನಿಲ್ಲಲಿಲ್ಲ. ಬೇರೆಡೆಗೆ ಸಾಗಿ ಪಾಠಗಳು ಮುಂದುವರಿದುವು. ಅದೇ ಸಂಸ್ಥೆಯು ೧೯೫೫ರಲ್ಲಿ ಪೋರ್ಟ್‌ಲಂಡ್ ಸ್ಟೇಟ್ ಕಾಲೇಜಾಗಿ, ೧೯೬೯ರಲ್ಲಿ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಇದ್ದುದರಲ್ಲಿಯೇ ಕಾರ್ಯವನ್ನು ಸಾಧಿಸುವ ಬುದ್ಧಿಯು ಆಟದ ಬಯಲಿನಲ್ಲಿಯೂ ವಿದ್ಯಾಲಯದಲ್ಲಿಯೂ ಒಂದೇ ಎಂಬುದಕ್ಕೆ ಇದು ನಿದರ್ಶನ.

೫. ಆರು ಮಂದಿಯ ಆಟದ ಧರ್ಮ

ಇಂದು ನಡೆಯುತ್ತಿರುವ ರೂಪದಲ್ಲಿ ಆ ಆಟದ ನಿಯಮಗಳನ್ನು ನೋಡಿದರೆ ಅದರ ಹಿಂದಿನ ವಿವೇಕವು ತಿಳಿಯುವುದು. ದೊಡ್ಡ ಆಟದ ಬಯಲು ೧೦೦ ಗಜ ಉದ್ದವಾದರೆ ಇದರದು ೮೦ ಗಜ ಉದ್ದ, ೪೦ ಗಜ ಅಗಲ. ಬಯಲಿನಲ್ಲಿ ಜನರು ವಿರಳವಾಗಿರುವುದರಿಂದ ಓಡುವವನಿಗೆ ದಾರಿ ಸುಲಭವಾಗಿ ದೊರೆಯುವುದು; ಅದನ್ನು ಸರಿತೂಗಿಸಲು ನಾಲ್ಕು ಯತ್ನಗಳಲ್ಲಿ ಹತ್ತು ಗಜದ ಬದಲು ೧೫ ಗಜ ಮುಂದುವರಿಯಬೇಕೆಂದು ವಿಧಿಸಿರುವರು. ಮೊದಲು ಚೆಂಡನ್ನು ಪಡೆದವನು ತಾನೇ ಅದನ್ನು ಹಿಡಿದುಕೊಂಡು ನೇರವಾಗಿ ನುಗ್ಗಕೂಡದು. ಇನ್ನೊಬ್ಬನಿಗೆ ಕೊಟ್ಟೇ ಆಟ ಮುಂದುವರಿಯಬೇಕು. ತಡೆಯುವ ಜನರು ಕಡಿಮೆಯಾಗಿರುವುದರಿಂದ ಚೆಂಡನ್ನು ಒದ್ದು ಅಂಕ ಗಳಿಸುವುದು ಇಲ್ಲಿ ಕಷ್ಟ. ಆದುದರಿಂದ ಅದಕ್ಕೆ ಹೆಚ್ಚಿನ ಅಂಕಗಳನ್ನು ಕೊಟ್ಟಿರುವರು. ಒಂದು ತಂಡವು ಅರ್ಧಾವಧಿಯಲ್ಲಿಯಾಗಲಿ ಅನಂತರವಾಗಲಿ ೪೫ ಅಂಕಗಳಷ್ಟು ಮುಂದೆ ಹೋದರೆ ಆಟವನ್ನು ಅಲ್ಲಿಗೇ ನಿಲ್ಲಿಸುವರು. ಸೋತವರನ್ನು ಮತ್ತಷ್ಟು ನೋಯಿಸಬಾರದೆಂಬ ದಯೆಯೇ ಇದಕ್ಕೆ ಮೂಲ.

ಎಲ್ಲಕ್ಕಿಂತ ಗಮನಾರ್ಹವಾದುದು ಇನ್ನೊಂದು. ಹನ್ನೊಂದು ಮಂದಿಯ ಆಟದಲ್ಲಿ ಮುಂಸಾಲಿನ ಒಳಗಡೆ ನಿಲ್ಲುವ ಐವರು ಮುಂದಕ್ಕೆಸೆದ ಚೆಂಡನ್ನು ಹಿಡಿಯುವಂತಿಲ್ಲ. ಎದುರಿನವರನ್ನು ತಡೆಯುವುದೇ ಅವರ ಪಾಲಿಗೆ ಬಂದ ಕೆಲಸ. ವರ್ಷಗಟ್ಟಲೆ ಆಡಿಯೂ ಕೈಯಲ್ಲಿ ಚೆಂಡನ್ನು ಹಿಡಿದು ಓಡುವ ಸಂತೋಷವನ್ನು ಅವರಲ್ಲಿ ಬಹುಮಂದಿ ಕಾಣರು. ಆರು ಮಂದಿಯ ಆಟದಲ್ಲಾದರೋ ಆರು ಮಂದಿಗೂ ಚೆಂಡನ್ನು ಹಿಡಿಯುವ ಅಧಿಕಾರವುಂಟು. ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲವೆಂದು ಸಾರಿದ ಶರಣರ ಪರಂಪರೆಗೆ ಸೇರಿದ ನಮಗೆ ಈ ಅಂಶವು ವಿಶೇಷವಾಗಿ ಹಿಡಿಸಬೇಕು. ಕೊರತೆಯ ಕಾರಣದಿಂದ ಮಾಡಿಕೊಂಡ ಏರ್ಪಾಡಿನಲ್ಲಿ ಪೂರ್ಣವಾದ ಆಟದಲ್ಲಿಯೂ ಇಲ್ಲದ ಒಂದು ಸಮತೆಯು ತಾನಾಗಿ ಬಂದು ಸೇರಿತು.

೬. ಆಟದ ಪ್ರಸಾರ

ಹೆಬ್ರನ್ನಿನ ಪಂದ್ಯದ ಸುದ್ದಿಯು ಬೇಗನೆ ಹರಡಿತು. ಟೆಕ್ಸಾಸ್ ಸಂಸ್ಥಾನದ ಶಾಲಾಕ್ರೀಡೆಗಳ ಸಂಘವು ೧೯೩೮ರಲ್ಲಿ ಇದನ್ನು ಅಂಗೀಕರಿಸಿತು. ಆ ಸಂಸ್ಥಾನದ ಪಶ್ಚಿಮಭಾಗದಲ್ಲಿ ಹತ್ತಿಯ ಹೊಲಗಳ ನಡುವೆ, ದನಕಾಯುವ ಬಯಲುಗಳ ನಡುವೆ ಹರಡಿದ್ದ ಚಿಕ್ಕ ಊರುಗಳಿಗೆ ಇದು ವರವಾಗಿ ಪರಿಣಮಿಸಿತು. ಇಂದಿಗೂ ಅಲ್ಲಿ ಸುಮಾರು ನೂರರೊಳಗೆ ವಿದ್ಯಾರ್ಥಿಗಳಿರುವ ಹೈಸ್ಕೂಲುಗಳು ಆರು ಮಂದಿಯ ತಂಡಗಳನ್ನು ಇಳಿಸುವುವು. ಅಷ್ಟೊಂದು ಕಡಿಮೆಯಿಲ್ಲದ, ಆದರೆ ಹನ್ನೊಂದಕ್ಕೆ ಸಾಲದ ಶಾಲೆಗಳಿಗಾಗಿ ನೆಬ್ರಾಸ್ಕ, ಕ್ಯಾನ್ಸಾಸ್, ಅಯೋವಗಳಲ್ಲಿ ಎಂಟು ಮಂದಿಯ ಆಟವೂ, ಮಿನ್ನೆಸೋಟ ಮತ್ತು ಡಕೋಟಗಳಲ್ಲಿ ಒಂಬತ್ತು ಮಂದಿಯ ಆಟವೂ ಬಳಕೆಗೆ ಬಂದುವು. ಹೀಗೆ ಹನ್ನೊಂದರ ಒಂದೇ ಮೆಟ್ಟಿಲಿದ್ದ ಕಡೆ ಆರು, ಎಂಟು, ಒಂಬತ್ತು ಎಂಬ ಬೇರೆ ಮೆಟ್ಟಿಲುಗಳಾದುವು. ಕೆನಡ ದೇಶದ ಆಲ್ಬರ್ಟ ಮತ್ತು ಸಸ್ಕ್ಯಾಚವಾನ್ ಪ್ರಾಂತಗಳಲ್ಲಿಯೂ ಆರು ಮಂದಿಯ ಆಟವನ್ನು ಆಡುವರು.

ಇದರಿಂದ ಆದ ಲಾಭವು ಹುಡುಗರಿಗೆ ಮಾತ್ರ ಸೀಮಿತವಾಗಲಿಲ್ಲ. ಶುಕ್ರವಾರದ ಸಂಜೆ ಶಾಲೆಯ ಬಯಲಿನಲ್ಲಿ ಪಂದ್ಯವೆಂದರೆ ಆ ಚಿಕ್ಕ ಊರುಗಳಲ್ಲಿ ಅದೊಂದು ಜಾತ್ರೆಯೇ ಸರಿ. ಅಮೆರಿಕದಲ್ಲಿ ನೆಲಸಿರುವ ನಮ್ಮ ಭಕ್ತರು ಇದನ್ನು ಕಂಡೇ ಇರುವರು. ದೂರ ದೂರದ ಹೊಲಮನೆಗಳಲ್ಲಿ ಒಂಟಿಯಾಗಿ ದುಡಿಯುವ ಕುಟುಂಬಗಳು ವಾರಕ್ಕೊಮ್ಮೆ ಒಂದೆಡೆ ಸೇರಿ, ಬೆಳೆಯ ಮಾತು, ಮದುವೆಯ ಮಾತು, ಸಾವುನೋವಿನ ಮಾತುಗಳನ್ನಾಡುವುದು ಅಲ್ಲಿಯೇ. ತಂಡವಿಲ್ಲದಿದ್ದರೆ ಈ ಕೂಟವಿಲ್ಲ. ಟೆಕ್ಸಾಸಿನ ರಿಚ್‌ಲಂಡ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ನಾನೂರು ಮಂದಿಯೂ ವಾಸಿಸುವುದಿಲ್ಲ. ಆದರೂ ೨೦೦೪ರಿಂದೀಚೆಗೆ ಆ ಊರಿನ ಹುಡುಗರು ಆರು ಮಂದಿಯ ಆಟದಲ್ಲಿ ಅನೇಕ ಬಾರಿ ಸಂಸ್ಥಾನಕ್ಕೇ ಅಗ್ರಗಣ್ಯರೆನಿಸಿರುವರು. ಹನ್ನೊಂದರ ಕಟ್ಟಳೆಯೊಂದೇ ಉಳಿದಿದ್ದರೆ ಆ ಊರಿನ ಹೆಸರನ್ನು ಯಾರು ಕೇಳುತ್ತಿದ್ದರು?

೭. ಏಕೀಕರಣವೆಂಬ ಇನ್ನೊಂದು ಮಾರ್ಗ

ಎಪ್ಲರನು ನಿಯಮವನ್ನು ಚಿಕ್ಕದು ಮಾಡಿದ ಕಾಲದಲ್ಲಿಯೇ ಶಾಲೆಯನ್ನು ದೊಡ್ಡದು ಮಾಡುವ ಮಾರ್ಗವೂ ಬಲವಾಗುತ್ತಿತ್ತು. ಹತ್ತಾರು ಚಿಕ್ಕ ಶಾಲೆಗಳನ್ನು ಮುಚ್ಚಿ, ಮಕ್ಕಳನ್ನು ಮೋಟಾರು ಬಂಡಿಯಲ್ಲಿ ಒಂದೆಡೆಗೆ ಕರೆತಂದು, ಒಂದೇ ದೊಡ್ಡ ಶಾಲೆಯಲ್ಲಿ ಕಲಿಸುವುದೇ ಆ ಮಾರ್ಗ. ೧೯೩೯ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಶಿಕ್ಷಕರ ಕಾಲೇಜಿನಲ್ಲಿ ಫ್ರ್ಯಾಂಕ್ ಸೈರ್ ಎಂಬ ಪ್ರಾಧ್ಯಾಪಕನು ಒಂದು ಸಮ್ಮೇಳನವನ್ನು ಕೂಡಿಸಿ, ಶಾಲೆಯ ಬಸ್ಸುಗಳಿಗೆ ಸಮಾನವಾದ ಕ್ರಮಗಳನ್ನು ಗೊತ್ತುಪಡಿಸಿದನು. ಅಮೆರಿಕದ ಶಾಲಾಬಸ್ಸುಗಳ ಹಳದಿ ಬಣ್ಣವು ಅಂದಿನ ನಿರ್ಣಯದ ಫಲ. ಈ ಸೈರನೂ ನೆಬ್ರಾಸ್ಕದ ಹೊಲಮನೆಯಲ್ಲಿಯೇ ಹುಟ್ಟಿ ಬೆಳೆದವನೆಂಬುದು ಸ್ವಾರಸ್ಯಕರವಾದ ಸಂಗತಿ. ಒಂದೇ ಬಯಲುನಾಡಿನ ಇಬ್ಬರಲ್ಲಿ ಒಬ್ಬನು ಚಿಕ್ಕ ಶಾಲೆಗೆ ತಕ್ಕ ಆಟವನ್ನು ಕೊಟ್ಟನು. ಇನ್ನೊಬ್ಬನ ಕಾರ್ಯವು ಮಕ್ಕಳನ್ನು ದೊಡ್ಡ ಶಾಲೆಗೆ ಒಯ್ಯುವ ದಾರಿಯನ್ನು ಸುಗಮಗೊಳಿಸಿತು. ಇಬ್ಬರೂ ಮಕ್ಕಳ ಹಿತವನ್ನೇ ಬಯಸಿದವರು.

೧೯೫೯ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾಜಿ ಅಧ್ಯಕ್ಷನಾದ ಜೇಮ್ಸ್ ಕಾನಂಟನು ಹೈಸ್ಕೂಲುಗಳನ್ನು ಕುರಿತು ಒಂದು ವರದಿಯನ್ನು ಪ್ರಕಟಿಸಿದನು. ಕೊನೆಯ ತರಗತಿಯಲ್ಲಿ ನೂರು ಮಂದಿಯಾದರೂ ಇಲ್ಲದ ಹೈಸ್ಕೂಲುಗಳನ್ನು ಏಕೀಕರಣದಿಂದ ಕೊನೆಗಾಣಿಸಬೇಕೆಂಬುದು ಅದರ ಮುಖ್ಯ ಸಲಹೆಗಳಲ್ಲೊಂದು. ಅದಕ್ಕೆ ಕಾರಣವಿಲ್ಲದಿರಲಿಲ್ಲ. ಉನ್ನತ ಗಣಿತ, ಭೌತ ರಸಾಯನ ಶಾಸ್ತ್ರಗಳು, ಪರಭಾಷೆಗಳು, ಇವಕ್ಕೆ ಪ್ರತ್ಯೇಕ ಉಪಾಧ್ಯಾಯರನ್ನೂ ಪ್ರಯೋಗಶಾಲೆಗಳನ್ನೂ ಚಿಕ್ಕ ಶಾಲೆಯು ಎಲ್ಲಿಂದ ತಂದೀತು? ಬುದ್ಧಿವಂತನಾದ ಹಳ್ಳಿಯ ಹುಡುಗನು ಇವುಗಳಿಂದ ವಂಚಿತನಾಗಬಾರದೆಂಬ ವಾದವನ್ನು ಅಲ್ಲಗಳೆಯಲಾಗದು.

ಏಕೀಕರಣದ ವೇಗವು ಅಂಕೆಗಳಿಂದ ತಿಳಿಯುವುದು. ಒಂದು ಲಕ್ಷ ನಲವತ್ತೊಂಬತ್ತು ಸಾವಿರದಷ್ಟಿದ್ದ ಏಕೋಪಾಧ್ಯಾಯ ಶಾಲೆಗಳು ೧೯೪೯-೫೦ರಲ್ಲಿ ಸುಮಾರು ೬೦,೦೦೦ಕ್ಕೂ, ೧೯೫೯-೬೦ರಲ್ಲಿ ಸುಮಾರು ೨೦,೦೦೦ಕ್ಕೂ ಇಳಿದುವು. ೧೯೩೯-೪೦ರಲ್ಲಿ ೧,೧೭,೦೦೦ದಷ್ಟಿದ್ದ ಶಾಲಾಮಂಡಲಗಳು ಇಂದು ಸುಮಾರು ೧೩,೦೦೦ ಮಾತ್ರ. ಯಂತ್ರಗಳು ಬಂದಂತೆ ಹೊಲಗಳು ದೊಡ್ಡವಾದುವು; ರೈತ ಕುಟುಂಬಗಳು ಕಡಿಮೆಯಾದುವು. ೧೯೩೫ರಲ್ಲಿ ೬೮ ಲಕ್ಷದಷ್ಟಿದ್ದ ಹೊಲಮನೆಗಳು ೨೦೨೨ರ ಗಣನೆಯಲ್ಲಿ ೧೯ ಲಕ್ಷಕ್ಕೆ ಇಳಿದಿದ್ದುವು. ಮಕ್ಕಳೇ ಇಲ್ಲದ ಮೇಲೆ ಆರು ಮಂದಿಯ ಆಟವೂ ಶಾಲೆಯನ್ನು ಉಳಿಸಲಾರದು. ಹೆಬ್ರನ್ನಿನಲ್ಲಿ ಈಗಿರುವ ಹೈಸ್ಕೂಲು ಸುತ್ತಣ ಊರುಗಳನ್ನು ಸೇರಿಸಿಕೊಂಡು ಥೇಯರ್ ಸೆಂಟ್ರಲ್ ಎಂಬ ಹೊಸ ಹೆಸರನ್ನು ಧರಿಸಿರುವುದು. ಟೆಕ್ಸಾಸಿನಲ್ಲಿ ೧೯೭೨ರಲ್ಲಿ ಮೊದಲ ಬಾರಿ ಇಡಿಯ ಸಂಸ್ಥಾನದ ಆರು ಮಂದಿಯ ಪಂದ್ಯಾವಳಿ ನಡೆದಾಗ ಗೆದ್ದುದು ಓಬ್ರಿಯನ್ ಎಂಬ ಊರಿನ ಶಾಲೆ. ಆ ಶಾಲೆಯೂ ಅನಂತರ ನೆರೆಯ ನಾಕ್ಸ್ ಸಿಟಿಯ ಶಾಲೆಯೊಡನೆ ಸೇರಿಹೋಯಿತು.

ಹಾಗಾದರೆ ಎಪ್ಲರನ ಪ್ರಯತ್ನವು ವ್ಯರ್ಥವೇ ಎಂದು ಕೇಳಬಹುದು. ವ್ಯರ್ಥವಲ್ಲ. ಶಾಲೆಗಳು ಇದ್ದಷ್ಟು ಕಾಲ ಅಲ್ಲಿಯ ಮಕ್ಕಳು ಆಡಿದರು. ಊರು ಚಿಕ್ಕದೆಂಬ ಕಾರಣದಿಂದ ಅವರ ಬಾಲ್ಯವು ಕುಂದಲಿಲ್ಲ. ಶಾಲೆ ಎಷ್ಟು ಕಾಲ ಉಳಿಯಿತೆಂಬುದೊಂದು ಲೆಕ್ಕ. ಉಳಿದಷ್ಟು ಕಾಲ ಮಕ್ಕಳಿಗೆ ಏನು ಕೊಟ್ಟಿತೆಂಬುದು ಇನ್ನೊಂದು ಲೆಕ್ಕ. ಎರಡನೆಯದೇ ಹಿರಿದು.

೮. ವಿದ್ವಾಂಸರ ಪರೀಕ್ಷೆ

ಈ ವಿಷಯವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರೂ ಉಂಟು. ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ ಎಂಬ ಮನಶ್ಶಾಸ್ತ್ರಜ್ಞರು ಕ್ಯಾನ್ಸಾಸ್ ಸಂಸ್ಥಾನದ ಹೈಸ್ಕೂಲುಗಳನ್ನು ಹೊಕ್ಕು ನೋಡಿ, ೧೯೬೪ರಲ್ಲಿ ದೊಡ್ಡ ಶಾಲೆ, ಚಿಕ್ಕ ಶಾಲೆಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಅವರು ನೋಡಿದ ಶಾಲೆಗಳಲ್ಲಿ ಅತ್ಯಂತ ಚಿಕ್ಕದರಲ್ಲಿ ೩೫ ವಿದ್ಯಾರ್ಥಿಗಳೂ ಅತ್ಯಂತ ದೊಡ್ಡದರಲ್ಲಿ ೨,೨೮೭ ವಿದ್ಯಾರ್ಥಿಗಳೂ ಇದ್ದರು. ದೊಡ್ಡ ಶಾಲೆಯಲ್ಲಿ ವಿಷಯಗಳ ವೈವಿಧ್ಯವು ಹೆಚ್ಚೆಂಬುದನ್ನು ಅವರು ಕಂಡರು. ಆದರೆ ಆಟ, ನಾಟಕ, ಸಂಗೀತ, ಸಂಘಗಳಲ್ಲಿ ಹೊಣೆಹೊತ್ತು ಮುಂದೆ ನಿಲ್ಲುವ ಅವಕಾಶವು ಚಿಕ್ಕ ಶಾಲೆಯ ಮಗುವಿಗೇ ಹೆಚ್ಚಾಗಿ ದೊರೆಯುವುದೆಂದೂ, ದೊಡ್ಡ ಶಾಲೆಯಲ್ಲಿ ಅನೇಕರು ಪ್ರೇಕ್ಷಕರಾಗಿಯೇ ಉಳಿಯುವರೆಂದೂ ಅವರಿಗೆ ತಿಳಿದುಬಂದಿತು. ಜನರು ಕಡಿಮೆಯಿರುವ ಕಡೆ ಒಬ್ಬೊಬ್ಬರೂ ಬೇಕಾದವರು. ಸಾಧಾರಣ ಬುದ್ಧಿಯ ಹುಡುಗನನ್ನೂ, ಸಂಕೋಚದ ಹುಡುಗಿಯನ್ನೂ, ನೀನು ಬರದಿದ್ದರೆ ನಡೆಯದೆಂದು ಕರೆಯಲೇಬೇಕಾಗುವುದು. ಹಾಗೆ ಕರೆಯಿಸಿಕೊಂಡ ಮಗುವಿನಲ್ಲಿ ತಾನೂ ಬೇಕಾದವನೆಂಬ ಧೈರ್ಯವು ಮೂಡುವುದು.

೯. ನಮ್ಮ ಮಠಗಳ ಮಾರ್ಗ

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ಹಿಂದೆ ನಮ್ಮ ಹಳ್ಳಿಗಳಲ್ಲಿ ಐಗಳ ಮಠಗಳಿದ್ದುವು. ಗುಡಿಯ ಪಡಸಾಲೆಯಲ್ಲೋ ಮಠದ ಜಗಲಿಯ ಮೇಲೋ ಕುಳಿತು ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮಕ್ಕಳು ಎಷ್ಟೆಂದು ಯಾರೂ ಎಣಿಸಲಿಲ್ಲ. ಐದು ಮಂದಿಯಿದ್ದರೂ ಪಾಠ ನಡೆಯಿತು. ದೊಡ್ಡವನು ಚಿಕ್ಕವನಿಗೆ ಹೇಳಿಕೊಟ್ಟನು. ಶಾಸ್ತ್ರಪಾಠಗಳಂತೂ ಎಷ್ಟೋ ವೇಳೆ ಒಬ್ಬ ಗುರು, ಇಬ್ಬರು ಶಿಷ್ಯರು ಎಂಬಂತೆ ನಡೆದು ಬಂದುವು.

ಕಾಲವು ಬದಲಾಗಿ ಇಂಗ್ಲಿಷ್ ವಿದ್ಯೆಯು ಪಟ್ಟಣಗಳಲ್ಲಿ ನೆಲೆಗೊಂಡಾಗ ನಮ್ಮ ಹಿರಿಯರು ಮಕ್ಕಳನ್ನು ಒಂದೆಡೆ ಕೂಡಿಸುವ ಮಾರ್ಗವನ್ನು ಹಿಡಿದರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಮಹನೀಯರು ಕೂಡಿ ಒಂದು ಹೈಸ್ಕೂಲಿನಿಂದ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯನ್ನು ಆರಂಭಿಸಿದರು. ೧೯೧೭ರಲ್ಲಿ ಸಿದ್ಧಗಂಗೆಯಲ್ಲಿ ಶ್ರೀ ಉದ್ದಾನ ಶಿವಯೋಗಿಗಳು ಸಂಸ್ಕೃತ ಪಾಠಶಾಲೆಯನ್ನು ತೆರೆದರು. ೧೯೪೧ರಲ್ಲಿ ಪಟ್ಟಕ್ಕೆ ಬಂದು ೨೦೧೯ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಕಾಲದಲ್ಲಿ ಅಲ್ಲಿ ಸಾವಿರಾರು ಮಕ್ಕಳು ಜಾತಿಮತಗಳ ಭೇದವಿಲ್ಲದೆ ಉಂಡು ಓದುವಂತಾಯಿತು. ೧೯೪೧ರಲ್ಲಿ ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು ಮೈಸೂರಿನಲ್ಲಿ ವಿದ್ಯಾರ್ಥಿನಿಲಯವನ್ನು ಸ್ಥಾಪಿಸಿದರು. ೧೯೫೪ರಲ್ಲಿ ಅವರಿಂದಲೇ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವು ಉದಯಿಸಿತು. ಅಮೆರಿಕದ ಬಸ್ಸು ಮಾಡಿದ ಕೆಲಸವನ್ನು ನಮ್ಮಲ್ಲಿ ಮಠದ ಪ್ರಸಾದನಿಲಯವು ಮಾಡಿತು. ಆದರೆ ಒಂದು ಭೇದವುಂಟು. ಬಸ್ಸು ಮಗುವನ್ನು ಒಯ್ದು ಇಳಿಸುವುದು. ಪ್ರಸಾದನಿಲಯವು ಅದಕ್ಕೆ ಅನ್ನವನ್ನೂ ಆಶ್ರಯವನ್ನೂ ಒಂದು ಪಂಕ್ತಿಯಲ್ಲಿ ಸ್ಥಾನವನ್ನೂ ಕೊಟ್ಟಿತು.

ಆದುದರಿಂದ ಕೂಡಿಸುವ ಮಾರ್ಗವು ನಮಗೆ ಹೊಸದಲ್ಲ, ಅದನ್ನು ನಿಂದಿಸುವ ಅಧಿಕಾರವೂ ನಮಗಿಲ್ಲ. ಆದರೆ ಎಳೆಯ ಮಕ್ಕಳ ವಿಷಯವು ಬೇರೆ. ಆರೇಳು ವರ್ಷದ ಮಗುವನ್ನು ತಾಯಿಯಿಂದಲೂ ಊರಿನಿಂದಲೂ ದೂರಕ್ಕೆ ಕಳುಹಿಸಲಾಗದು. ದೂರವೆಂಬ ಕಾರಣಕ್ಕೆ ಮೊದಲು ಶಾಲೆ ಬಿಡುವವರು ಬಡವರ ಮಕ್ಕಳು, ಅವರಲ್ಲಿಯೂ ಹೆಣ್ಣುಮಕ್ಕಳು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ನೆರೆಯ ಶಾಲೆಯಲ್ಲಿ ಕಲಿಯುವ ಹಕ್ಕನ್ನು ಕೊಟ್ಟಿರುವುದು ಇದೇ ಕಾರಣದಿಂದ.

ಆಟದ ಮಾತನ್ನೇ ತೆಗೆದುಕೊಳ್ಳೋಣ. ಕಬಡ್ಡಿಯಲ್ಲಿ ಅಂಕಣಕ್ಕೆ ಏಳು ಮಂದಿ ಇಳಿಯಬೇಕು. ಖೋ ಖೋದಲ್ಲಿ ಬೆನ್ನಟ್ಟುವ ಕಡೆಗೆ ಒಂಬತ್ತು ಮಂದಿ ಬೇಕು. ಮೇಲಿನ ತರಗತಿಗಳಲ್ಲಿ ಎಲ್ಲ ಸೇರಿ ಐದು ಹುಡುಗಿಯರಿರುವ ಶಾಲೆಯು ಕ್ರೀಡಾಕೂಟಕ್ಕೆ ಯಾವ ತಂಡವನ್ನು ಕಳುಹಿಸೀತು? ಅವರು ಕೂಟದ ದಿನ ಬೇರೆಯವರ ಆಟವನ್ನು ನೋಡುತ್ತ ಕುಳಿತಿರಬೇಕು. ಈ ಮಕ್ಕಳ ಕೊರತೆಯು ಅವರ ದೋಷವಲ್ಲ. ಏಳು ಎಂಬುದೂ ಒಂಬತ್ತು ಎಂಬುದೂ ಹನ್ನೊಂದರಂತೆಯೇ ಮನುಷ್ಯರು ಗೊತ್ತುಮಾಡಿಕೊಂಡ ಸಂಖ್ಯೆಗಳು. ಮಠಗಳ ಆಶ್ರಯದಲ್ಲಿ ನಡೆಯುವ ಕೂಟಗಳಲ್ಲಿಯಾದರೂ ಐವರ ಕಬಡ್ಡಿ, ಐವರ ಖೋ ಖೋ ಎಂಬ ಪ್ರತ್ಯೇಕ ಪಂದ್ಯಗಳನ್ನು ಚಿಕ್ಕ ಶಾಲೆಗಳಿಗಾಗಿ ಏರ್ಪಡಿಸಿ, ಅಂಕಣವನ್ನು ಅದಕ್ಕೆ ತಕ್ಕಂತೆ ಕಿರಿದು ಮಾಡಿದರೆ ವೆಚ್ಚವೇನೂ ಹೆಚ್ಚದು. ಎರಡು ನೆರೆಯೂರುಗಳ ಮಕ್ಕಳು ಕೂಡಿ ಒಂದು ತಂಡವಾಗುವುದಕ್ಕೂ ಅವಕಾಶವಿರಲಿ. ಹೆಬ್ರನ್ನಿನಲ್ಲಿ ಮೊದಲ ದಿನ ಆಡಿದವರೂ ಹಾಗೆಯೇ ಕೂಡಿದವರು.

೧೦. ಉಪಸಂಹಾರ

ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದು ಇಷ್ಟು. ನಿಯಮವು ಸ್ಥಾವರ, ಅದರ ಮೂಲಕ ಬಾಳಬೇಕಾದ ಮಗುವು ಜಂಗಮ. ಸ್ಥಾವರವನ್ನು ಕಾಯುವುದಕ್ಕಾಗಿ ಜಂಗಮವನ್ನು ಹೊರಗೆ ನಿಲ್ಲಿಸುವುದು ನಮ್ಮ ಧರ್ಮಕ್ಕೆ ಒಪ್ಪದು. ಒಂದು ಶಾಲೆಯನ್ನು ಉಳಿಸಬೇಕೋ ಕೂಡಿಸಬೇಕೋ ಎಂಬುದನ್ನು ನಿರ್ಣಯಿಸುವಾಗ ಹಾಜರಿ ಪುಸ್ತಕದ ಸಂಖ್ಯೆಯೊಂದನ್ನೇ ನೋಡದೆ, ಎಲ್ಲಿ ಪ್ರತಿಯೊಂದು ಮಗುವಿಗೂ ಕಲಿಕೆ, ಕೆಲಸ, ಸ್ಥಾನಗಳು ದೊರೆಯುವುವೆಂದು ನೋಡಬೇಕು. ಉಳಿಸಬಹುದಾದ ಕಡೆ ಕಟ್ಟಳೆಯನ್ನು ಸಡಿಲಿಸಿ ಉಳಿಸಬೇಕು. ಕೂಡಿಸಲೇಬೇಕಾದ ಕಡೆ ಮಗುವಿನ ದಾರಿ, ಊಟ, ಸಂಗಾತಿಗಳ ಹೊಣೆಯನ್ನು ಕೂಡಿಸಿದವರೇ ಹೊರಬೇಕು. ಹಾಗೆ ಹೊರಲಾರದವರಿಗೆ ಶಾಲೆಯ ಬಾಗಿಲನ್ನು ಮುಚ್ಚುವ ಅಧಿಕಾರವಿಲ್ಲ.

ದಾಸೋಹದ ಪಂಕ್ತಿಯಲ್ಲಿ ಎಷ್ಟು ಎಲೆ ಬಿದ್ದರೂ ಬಡಿಸುವವನ ಭಕ್ತಿಯು ಒಂದೇ. ಸಾವಿರ ಮಂದಿಗೆ ಬಡಿಸುವ ಶ್ರೀಮಠವು ಆರು ಮಂದಿ ಬಂದ ದಿನವೂ ಒಲೆ ಹೊತ್ತಿಸುವುದು. ಅಕ್ಷರದ ದಾಸೋಹದಲ್ಲಿಯೂ ಇದೇ ಭಾವವು ಭಕ್ತರೆಲ್ಲರಲ್ಲಿ ನೆಲೆಗೊಳ್ಳಲೆಂದೂ, ಈ ಮಹೋತ್ಸವದ ನೆನಪಿಗಾಗಿ ನಮ್ಮ ಗ್ರಾಮಗಳ ಅತ್ಯಂತ ಚಿಕ್ಕ ಶಾಲೆಯ ಮಗುವೂ ಆಟದ ಬಯಲಿಗೆ ಇಳಿಯುವಂತಾಗಲೆಂದೂ ಶ್ರೀಗುರು ಬಸವೇಶ್ವರರ ಚರಣಗಳಲ್ಲಿ ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುವೆನು.